ಧ್ರುವದ ನೆತ್ತಿಯ ಕುಳಿ

ಫೆಬ್ರವರಿ ೧೧, ಪರ್ಕಳ

ಕೋಪ ಬಂದಾಗ ಬರೆ, ಗೋಡೆಗೆ ಕೂಗಬೇಡ ಎಂದು ಹೇಳಿ ಶ್ರೇಯಾ ಈ ಪುಸ್ತಕ ತಂದುಕೊಟ್ಟಿದ್ದಾಳೆ. ಪಾಪ, ನನ್ನ ಜೊತೆ ಒಂದೇ ಬಾಡಿಗೆ ಕೋಣೆಯಲ್ಲಿ ಇರಬೇಕಾದವಳು. ಇಡೀ ದಿನ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿ ದಣಿದು ಬಂದವಳ ಎದುರು ನಾನು ದಿನಾ ಹರಿಹಾಯ್ದರೆ ಅವಳಾದರೂ ಏನು ಮಾಡಬೇಕು? ಸರಿ, ಬರೆಯುತ್ತೇನೆ. ಅವಳು ತಂದದ್ದು ದಪ್ಪ ಪುಸ್ತಕವೇ. ನನ್ನ ಕೋಪಕ್ಕೆ ಒಂದು ತಿಂಗಳು ಬಂದರೆ ಹೆಚ್ಚು.

ಮೊದಲನೆಯ ಕೋಪ ಈ ರಸ್ತೆಯ ಮೇಲೆ. ಅಗೆದು ಹಾಕಿ ಹೋದವರು ತಿರುಗಿ ನೋಡಿಲ್ಲ. ಮಣಿಪಾಲದಲ್ಲಿ ಬಸ್ಸು ಇಳಿಯುವಾಗ ಧೂಳು ತಲೆಗೂ ಹಲ್ಲಿಗೂ ಹತ್ತಿರುತ್ತದೆ.

ಎರಡನೆಯದು ಇಮೆಲ್ಡಾ ಮೇಡಂ ಮೇಲೆ. ನನ್ನ ಗೈಡ್. ಪ್ರಬಂಧದ ನಾಲ್ಕನೆಯ ಅಧ್ಯಾಯವನ್ನು ಇವತ್ತು ಮತ್ತೆ ವಾಪಸ್ ಕೊಟ್ಟರು. ಏನು ತಪ್ಪಾಗಿದೆ ಎಂದು ಕೇಳಿದರೆ ತಪ್ಪೇನೂ ಇಲ್ಲವಂತೆ, ಚಿತ್ರಗಳು ಇನ್ನೂ ಸ್ವಲ್ಪ ನಯವಾಗಬೇಕಂತೆ. ಇದನ್ನೇ ಡಿಸೆಂಬರಿನಲ್ಲಿ ಹೇಳಿದ್ದರು, ಜನವರಿಯಲ್ಲೂ ಹೇಳಿದ್ದರು. ಐದು ವರ್ಷದಿಂದ ನಾನು ಉತ್ತರ ಧ್ರುವದ ಮೇಲಿನ ಆಕಾಶವನ್ನು ಅಳೆಯುತ್ತಿರುವುದು ಮದುವೆ ಆಲ್ಬಂ ಮಾಡಲಿಕ್ಕಲ್ಲ. ಮೇಡಂ ಎದುರು ಇಷ್ಟು ಹೇಳಲು ಧೈರ್ಯ ಸಾಲದೆ ಶ್ರೇಯಾಳ ಎದುರು ಹೇಳಿದೆ, ಸಾಕಷ್ಟು ಜೋರಾಗಿಯೇ.

ಮೂರನೆಯದು ಅಮ್ಮನ ಮೇಲೆ. ಕಾಪುವಿನ ಮೀನು ಮಾರುಕಟ್ಟೆಯಲ್ಲಿ ಬಾಗಿಲ ಹತ್ತಿರದ ಜಾಗ ಅಮ್ಮನದು. ಅದಕ್ಕೆ ಕಾಗದಪತ್ರ ಇಲ್ಲ. ಅಜ್ಜಿ ಕೂತಿದ್ದ ಜಾಗ, ಆಮೇಲೆ ಅಮ್ಮ ಕೂತಳು, ಎಲ್ಲರಿಗೂ ಗೊತ್ತು. ಮೊನ್ನೆ ಮನೋರಮಕ್ಕ ಬೆಳಿಗ್ಗೆ ಬೇಗ ಬಂದು ಅಲ್ಲಿ ತನ್ನ ಬುಟ್ಟಿ ಇಟ್ಟು ಕೂತುಬಿಟ್ಟಳಂತೆ. ಅಮ್ಮ ಒಂದು ಮಾತೂ ಆಡದೆ ಎದುರು ಗೋಡೆಯ ನಳ್ಳಿಯ ಬದಿಗೆ, ಆ ಕೊಚ್ಚೆಯಲ್ಲಿ, ಹೋಗಿ ಕೂತಳಂತೆ. ಇದನ್ನು ಫೋನಿನಲ್ಲಿ ಊಟ ಆಯಿತಾ ಎಂದು ಕೇಳಿದ ಹಾಗೆ ಹೇಳಿದಳು. ನನ್ನ ಮೈ ಉರಿದುಹೋಯಿತು.

ಫೆಬ್ರವರಿ ೧೬, ಉಚ್ಚಿಲ

ಭಾನುವಾರ ಊರಿಗೆ ಬಂದದ್ದು ಜಗಳಕ್ಕೇ. ಮನೋರಮಕ್ಕನ ಬುಟ್ಟಿ ಎತ್ತಿ ಬಿಸಾಡಬೇಕಿತ್ತು, ಅಪ್ಪ ಇದ್ದಿದ್ದರೆ ಮಾರುಕಟ್ಟೆಯನ್ನೇ ನಡುಗಿಸುತ್ತಿದ್ದರು ಎಂದೆಲ್ಲ ಅಮ್ಮನಿಗೆ ಹೇಳಿದೆ. ಅಮ್ಮ ಬೂತಾಯಿ ಮೀನಿನ ತಲೆ ಮುರಿಯುತ್ತ ಕೂತಿದ್ದವಳು ತಲೆ ಎತ್ತಲಿಲ್ಲ. ಕೊನೆಗೆ, "ನಿನಗೆ ಅಪ್ಪನ ಬಾಯಿ ಬಂದಿದೆ," ಎಂದಳು, ಅಷ್ಟೇ. ಅಪ್ಪ ಬೋಟಿನಲ್ಲಿ ನಿಂತು ಬೈದರೆ ದಡಕ್ಕೆ ಕೇಳುತ್ತಿತ್ತು ಎಂದು ಈಗಲೂ ಊರವರು ನಗುತ್ತಾರೆ. ನನಗೆ ಅದರಲ್ಲಿ ನಾಚಿಕೆ ಇಲ್ಲ. ಇಷ್ಟು ಮೆತ್ತಗೆ ಇದ್ದು ಅಮ್ಮ ಬದುಕಿದ್ದಾದರೂ ಹೇಗೆ?

ಇಮೆಲ್ಡಾ ಮೇಡಂ ಬಗ್ಗೆಯೂ ದೂರಿದೆ. ಅದಕ್ಕೆ ಮಾತ್ರ ಅಮ್ಮ ಕಣ್ಣು ಬಿಟ್ಟು ನೋಡಿದಳು. ಮೇಡಂ ಮನೆ ಕಾಪುವಿನಲ್ಲಿ, ಇಗರ್ಜಿಯ ಹಿಂದೆ. ಶುಕ್ರವಾರ ಅವರ ಮನೆಯಲ್ಲಿ ಮಾಂಸ ಇಲ್ಲ, ಮೀನು ಬೇಕೇ ಬೇಕು, ಅದೂ ಅಮ್ಮನ ಹತ್ತಿರವೇ. ನಾನು ಬಿ.ಎಸ್ಸಿ. ಓದುವಾಗ ರಜೆಯಲ್ಲಿ ಅಮ್ಮನ ಪಕ್ಕ ಕೂತು ಲೆಕ್ಕ ಬಿಡಿಸುತ್ತಿದ್ದದ್ದನ್ನು ಬಗ್ಗಿ ನೋಡಿದವರು ಅವರು. ಎಂ.ಎಸ್ಸಿ. ಮುಗಿಸಿ ನನ್ನ ಹತ್ತಿರ ಬಾ ಎಂದರು, ಹೋದೆ. ನನ್ನ ಮೊದಲ ಲ್ಯಾಪ್‌ಟಾಪ್ ಅವರು ಕೊಟ್ಟದ್ದೇ. ಅಂದಿನಿಂದ ಅಮ್ಮ ಪ್ರತಿ ಶುಕ್ರವಾರ ಅವರ ಚೀಲಕ್ಕೆ ಕೊಂಡ ಲೆಕ್ಕದ ಮೇಲೆ ಎರಡು ಬಂಗುಡೆ ದುಡ್ಡಿಲ್ಲದೆ ಹಾಕುತ್ತಾಳೆ. ಒಂದು ಶುಕ್ರವಾರವೂ ತಪ್ಪಿಸಿಲ್ಲ.

ನನ್ನ ಋಣ ನಾನೇ ತೀರಿಸಬೇಕು, ಬಂಗುಡೆಯಿಂದ ತೀರುವುದಿಲ್ಲ ಎಂದೆ. ಹಾಗೆ ಹೇಳಬಾರದಿತ್ತು. ಹೇಳಿಯಾಯಿತು.

ಮಾರ್ಚ್ ೪, ಕಾರ್ಕಳದಿಂದ ಬರುವ ಬಸ್ಸಿನಲ್ಲಿ

ಕಾರ್ಕಳದ ಒಂದು ಕಾಲೇಜಿನಲ್ಲಿ ಸಂದರ್ಶನ ಇತ್ತು. ಪ್ರಿನ್ಸಿಪಾಲರಿಗೆ ನಾನು ಹಿಡಿಸಿದೆ. ಜೂನಿನಲ್ಲಿ ಸೇರಬಹುದು, ಆದರೆ ಅಷ್ಟರೊಳಗೆ ಪ್ರಬಂಧ ಸಲ್ಲಿಸಿರಬೇಕು, ಇಲ್ಲದಿದ್ದರೆ ಬೇರೆಯವರಿದ್ದಾರೆ ಎಂದು ನೇರವಾಗಿ ಹೇಳಿದರು. ನೇರವಾಗಿ ಹೇಳುವವರ ಮೇಲೆ ನನಗೆ ಕೋಪ ಬರುವುದಿಲ್ಲ.

ಆಮೇಲೆ ನನ್ನ ವಿಷಯ ಏನೆಂದು ಕೇಳಿದರು. ಧ್ರುವದ ಮೇಲೆ, ಮೋಡಗಳಿಗಿಂತ ಎಷ್ಟೋ ಎತ್ತರದಲ್ಲಿ ವಿದ್ಯುತ್ ಕಣಗಳ ಒಂದು ತೆಳು ಪದರ ಉಂಟು, ಪ್ಲಾಸ್ಮಾ ಅನ್ನುತ್ತಾರೆ. ಸೂರ್ಯನ ಕಡೆಯಿಂದ ಹೊಡೆತ ಬಿದ್ದರೆ ಅದು ಕದಡುತ್ತದೆ. ಅಲ್ಲಿಯ ಬೇಸಿಗೆಯಲ್ಲಿ, ಅಂದರೆ ಜೂನಿನಿಂದ ಆಗಸ್ಟಿನ ತನಕ, ಹಾಗೆ ಕದಡಿದಾಗ ಧ್ರುವದ ನೆತ್ತಿಯಲ್ಲಿ ಕಣಗಳು ಕಡಿಮೆಯಾಗಿ ಒಂದು ಕುಳಿ ಬೀಳುತ್ತದೆ, ಅದನ್ನು ಮೊದಲು ಕಂಡುಹಿಡಿದವರು ನಮ್ಮ ಇಮೆಲ್ಡಾ ಮೇಡಂ ಎಂದೆ. ಆ ಕುಳಿಯಿಂದಲೇ ಮೇಡಂಗೆ ಹೆಸರು, ನಮ್ಮ ಪುಟ್ಟ ಸಂಶೋಧನಾ ಕೇಂದ್ರಕ್ಕೆ ಅನುದಾನ, ನನಗೆ ನಾಲ್ಕನೆಯ ಅಧ್ಯಾಯ. ಅಲ್ಲಿಗೆ ಹೋಗಿದ್ದೀರಾ ಎಂದು ಅವರು ಕೇಳಿದರು. ನಾನು ಉತ್ತರಕ್ಕೆ ಗೋಕರ್ಣ ದಾಟಿದವಳಲ್ಲ. ಉಪಗ್ರಹಗಳ ಅಂಕಿಗಳು ಮಣಿಪಾಲಕ್ಕೇ ಬರುತ್ತವೆ ಎಂದೆ.

ಹೊರಗೆ ಕಲ್ಲುಕೋರೆಯ ಲಾರಿಗಳ ಸಾಲು. ಇಲ್ಲೂ ಧೂಳು.

ಮಾರ್ಚ್ ೧೨, ಮಣಿಪಾಲ

ಚಿತ್ರಗಳು ಐದನೆಯ ಸಲ ವಾಪಸ್. ಮತ್ತದೇ ಮಾತು, ಇನ್ನೂ ನಯ ಮಾಡು. ನನ್ನ ತಲೆ ಕೆಟ್ಟುಹೋಯಿತು. ನಯ ಮಾಡುವುದೆಂದರೆ ಅಕ್ಕಪಕ್ಕದ ಅಂಕಿಗಳನ್ನು ಕಲಸಿ ಏರುತಗ್ಗು ತೆಗೆಯುವುದು, ದೋಸೆ ಹಿಟ್ಟನ್ನು ಕಾವಲಿಯ ಮೇಲೆ ಸವರಿದ ಹಾಗೆ. ಸಾಕು, ಈ ಸಲ ಸವರುವುದೇ ಇಲ್ಲ, ಹಸಿ ಹಸಿಯಾಗಿ ಮೇಜಿನ ಮೇಲೆ ಇಟ್ಟು ಬರುತ್ತೇನೆ, ಬೇಕಾದರೆ ಅವರೇ ಸವರಿಕೊಳ್ಳಲಿ ಎಂದು ಎಲ್ಲವನ್ನೂ ಮೂಲ ಅಂಕಿಗಳಿಂದ ಮತ್ತೆ ಬಿಡಿಸಿ ಪ್ರಿಂಟ್ ತೆಗೆದೆ. ಬರೀ ಹಟಕ್ಕೆ.

ಮಧ್ಯಾಹ್ನ ಊಟ ಬಿಟ್ಟು ಆ ಕಾಗದಗಳನ್ನು ಜೋಡಿಸುತ್ತಿದ್ದಾಗ ಕೈ ನಿಂತುಹೋಯಿತು. ಆಗಸ್ಟಿನ ಚಿತ್ರಗಳಲ್ಲಿ ಕುಳಿ ದುಂಡಗಿಲ್ಲ. ಅದಕ್ಕೆ ಬಾಗಿದ ತೋಳುಗಳು ಉಂಟು, ಸುರುಳಿ ಸುರುಳಿಯಾಗಿ. ನಯ ಮಾಡಿದಾಗ ಆ ತೋಳುಗಳೆಲ್ಲ ಅಳಿಸಿಹೋಗುತ್ತಿದ್ದವು. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಆಗಸ್ಟಿನ ಬೇರೆ ಬೇರೆ ದಿನಗಳ ಚಿತ್ರಗಳಲ್ಲೂ ಅದೇ ಸುರುಳಿ, ಅದೇ ಜಾಗದಲ್ಲಿ, ಒಂದು ಕೂದಲಿನಷ್ಟೂ ಅಲುಗದೆ. ಆಕಾಶದಲ್ಲಿ ಯಾವುದೂ ತಿಂಗಳಿಡೀ ಹಾಗೆ ನಿಲ್ಲುವುದಿಲ್ಲ.

ಹಾಗಾದರೆ ಅದು ಆಕಾಶದಲ್ಲಿ ಇಲ್ಲ. ನಮ್ಮ ಲೆಕ್ಕದಲ್ಲಿ ಉಂಟು.

ಮಾರ್ಚ್ ೧೩

ಸಿಕ್ಕಿತು. ಸಿಕ್ಕಿದ್ದಕ್ಕೆ ಸಂತೋಷವಾಗಬೇಕಿತ್ತು. ಬಾಗಿಲು ಒದ್ದು ಬೆರಳು ನೋಯಿಸಿಕೊಂಡೆ.

ನಾವು ಕೆಲಸ ಮಾಡುವ ರೀತಿ ಹೀಗೆ. ಪ್ರತಿ ತಿಂಗಳು ಸೂರ್ಯನ ಕಡೆಯಿಂದ ಯಾವ ಗಲಾಟೆಯೂ ಇಲ್ಲದ ಐದು ಶಾಂತ ದಿನಗಳನ್ನು ಆರಿಸುತ್ತೇವೆ. ಅವುಗಳ ಸರಾಸರಿಯೇ ನಮ್ಮ ಸೊನ್ನೆ. ಉಳಿದ ದಿನಗಳ ಅಂಕಿಗಳಿಂದ ಅದನ್ನು ಕಳೆದರೆ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂದು ಕಾಣುತ್ತದೆ. ಎಲ್ಲರೂ ಮಾಡುವುದು ಹೀಗೆಯೇ. ಶಾಂತ ದಿನಗಳ ಚಿತ್ರವನ್ನು ಮಾತ್ರ ಯಾರೂ ತೆರೆದು ನೋಡುವುದಿಲ್ಲ. ಶಾಂತವಾಗಿದ್ದ ಮೇಲೆ ನೋಡಲಿಕ್ಕೆ ಏನಿರುತ್ತದೆ?

ಇವತ್ತು ತೆರೆದೆ. ನಾಲ್ಕು ದಿನಗಳು ಖಾಲಿ. ಐದನೆಯದರಲ್ಲಿ ಧ್ರುವದ ಮೇಲೆ ದೊಡ್ಡದೊಂದು ಚಂಡಮಾರುತ ಕೂತಿತ್ತು. ಗಾಳಿಯದ್ದಲ್ಲ, ಪ್ಲಾಸ್ಮಾದ್ದು. ನಡುವೆ ಕಣ್ಣು, ಸುತ್ತ ತಿರುಗುವ ತೋಳುಗಳು, ನೀರಿನ ಬದಲು ಎಲೆಕ್ಟ್ರಾನುಗಳ ಮಳೆ. ಇಂಥದ್ದು ಇರುತ್ತದೆ ಎಂದು ಹೊರದೇಶದವರು ಕೆಲವು ವರ್ಷಗಳ ಹಿಂದೆ ಬರೆದದ್ದನ್ನು ಓದಿದ್ದೆ. ಸೂರ್ಯ ಸುಮ್ಮನಿದ್ದಾಗ, ಎಲ್ಲ ಉಪಕರಣಗಳೂ ಏನೂ ಇಲ್ಲ ಎಂದು ಹೇಳುವಾಗಲೇ ಅದು ಏಳುತ್ತದೆ, ಹೆಚ್ಚಾಗಿ ಬೇಸಿಗೆಯಲ್ಲಿ. ಓದಿ, ಹೌದಾ ಎಂದು ಬದಿಗಿಟ್ಟಿದ್ದೆ.

ಆ ಚಂಡಮಾರುತ ನಮ್ಮ ಸೊನ್ನೆಯೊಳಗೆ ಸೇರಿಕೊಂಡಿದೆ. ಸೊನ್ನೆಯೇ ಉಬ್ಬಿದರೆ ಉಳಿದ ದಿನಗಳೆಲ್ಲ ಅಲ್ಲಿ ತಗ್ಗಿದ ಹಾಗೆ ಕಾಣುತ್ತವೆ. ಕುಳಿಯ ಆಳ ನೋಡಿದೆ. ಉಬ್ಬಿನ ಸರಿಯಾಗಿ ಐದನೆಯ ಒಂದು ಪಾಲು, ಒಂದು ದಿನದ ಉಬ್ಬು ಐದು ದಿನಗಳ ಸರಾಸರಿಯಲ್ಲಿ ಹಂಚಿಹೋದರೆ ಉಳಿಯುವಷ್ಟೇ. ಉಳಿದ ಬೇಸಿಗೆ ತಿಂಗಳುಗಳಲ್ಲೂ ಇದೇ ಕಥೆ. ಮೇಡಂ ಕಂಡುಹಿಡಿದ ಕುಳಿ ಎಂಬುದು ಇಲ್ಲವೇ ಇಲ್ಲ. ಮತ್ತು ಐದು ವರ್ಷ ಆ ಇಲ್ಲದ ಕುಳಿಯನ್ನು ತಿದ್ದಿ ತೀಡಿ ಚೆಂದ ಮಾಡಿದವಳು ನಾನು.

ಶ್ರೇಯಾ ಬೆರಳಿಗೆ ಪಟ್ಟಿ ಕಟ್ಟಿದಳು. ಬರೆ ಎಂದಳು.

ಮಾರ್ಚ್ ೧೭

ಮೇಡಂಗೆ ತೋರಿಸಿದೆ. ವಾರಾಂತ್ಯವಿಡೀ ಹೇಗೆ ಹೇಳಲಿ, ಅವರಿಗೆ ಎಷ್ಟು ನೋವಾಗಬಹುದು ಎಂದು ಒದ್ದಾಡಿದ್ದೆ. ಮೂರ್ಖಳು ನಾನು.

ಅವರು ಚಿತ್ರವನ್ನು ಒಮ್ಮೆ ನೋಡಿದರು. ಎರಡನೆಯ ಸಲ ನೋಡಲಿಲ್ಲ. ಹೊಸದನ್ನು ಕಂಡವರು ಯಾರೂ ಹಾಗೆ ನೋಡುವುದಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ನಿಮಗೆ ಮೊದಲೇ ಗೊತ್ತಿತ್ತಾ ಮೇಡಂ?" ಎಂದೆ.

"ಸಂಶಯ ಇತ್ತು," ಎಂದರು. "ಆ ಹೊರದೇಶದವರ ಲೇಖನ ಬಂದಾಗಲೇ."

ಅಂದರೆ ಚಿತ್ರ ನಯ ಮಾಡು ಎಂದದ್ದು ಚೆಂದಕ್ಕಲ್ಲ. ಆ ತೋಳುಗಳು ಕಾಣಬಾರದು ಎಂದು. ನನ್ನ ಕೈಯಿಂದಲೇ ಅಳಿಸಿದರು. ನಾನು ಜೋರಾಗಿಯೇ ಕೇಳಿದೆ, ಕಾರಿಡಾರಿನಲ್ಲಿದ್ದವರು ತಿರುಗಿ ನೋಡುವಷ್ಟು. ನೀವು ನನಗೆ ಕಲಿಸಿದ್ದು ಇದನ್ನಾ, ನನ್ನ ಹೆಸರು ಹಾಕಿ ಸುಳ್ಳು ಬರೆಸಿದಿರಾ ಎಂದೆ. ಮಾತು ಮಾತಿಗೂ ಸ್ವರ ಏರುತ್ತಿತ್ತು, ಕಣ್ಣಲ್ಲಿ ನೀರೂ ಬಂತು, ಅದಕ್ಕೆ ಇನ್ನಷ್ಟು ಕೋಪ ಬಂತು.

ಮೇಡಂ ಬಾಗಿಲು ಹಾಕಿದರು. ನೀರಿನ ಬಾಟಲಿ ಮುಂದೆ ತಳ್ಳಿದರು. ಅಳುವ ಮಗುವನ್ನು ಸುಧಾರಿಸುವ ಹಾಗೆ ಹೇಳಿದರು: "ನೋಡು ಮಾರಾಯ್ತಿ, ನೀನು ಹೇಳುವುದು ಸರಿ ಉಂಟು. ಆದರೆ ಈಗ ಬೇಡ. ಮೇ ತಿಂಗಳಲ್ಲಿ ನಾನು ರಿಟೈರ್ ಆಗ್ತೇನೆ. ನಿನ್ನ ಪ್ರಬಂಧ ಹೋಗಲಿ, ಕಾರ್ಕಳದ ಕೆಲಸ ಸಿಗಲಿ. ಆಮೇಲೆ ನೀನೇ ತಿದ್ದು, ನಿನ್ನ ಹೆಸರಲ್ಲೇ ಬರೆ. ನಾನು ಬೇಡ ಹೇಳ್ತೇನಾ?"

ಎಷ್ಟು ಹದವಾಗಿ ಹೇಳಿದರು. ಒಂದು ಗಳಿಗೆ ನನಗೂ ಅದು ಸರಿ ಅನಿಸಿತು. ಅದೊಂದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಮಾರ್ಚ್ ೨೩, ಉಚ್ಚಿಲ

ಅಮ್ಮನಿಗೆ ಎಲ್ಲ ಹೇಳಿದೆ. ಅಂಗಳದಲ್ಲಿ ಅತ್ತಿಂದಿತ್ತ ತಿರುಗುತ್ತ, ಪಕ್ಕದ ಮನೆಯವರಿಗೂ ಕೇಳುವ ಹಾಗೆ. ಅಮ್ಮ ಬಲೆಯ ಹರಕು ತುಂಡೊಂದನ್ನು ಮಲ್ಲಿಗೆ ಬಳ್ಳಿಗೆ ಕಟ್ಟುತ್ತಿದ್ದಳು. ಕೊನೆಗೆ ಒಂದೆರಡು ಪ್ರಶ್ನೆ ಕೇಳಿದಳು.

"ಅಲ್ಲಿ ಗಾಳಿ ಉಂಟಾ?"

ಗಾಳಿ ಇಲ್ಲ, ಕಣಗಳೇ ತಿರುಗುವುದು ಎಂದೆ.

"ಮತ್ತೆ ಯಾಕೆ ಯಾರಿಗೂ ಕಾಣಲಿಲ್ಲ?"

ಆ ದಿನವನ್ನು ಯಾರೂ ನೋಡಲೇ ಇಲ್ಲ, ಏನೂ ಇರುವುದಿಲ್ಲ ಎಂದುಕೊಂಡೆವು ಎಂದೆ. ಅಮ್ಮ ಹೂಂ ಎಂದಳು. ಮೇಡಂಗೆ ಗೊತ್ತಿತ್ತಾ ಎಂದು ಕೇಳಿದಳು. ಗೊತ್ತಿತ್ತು ಎಂದೆ. ಮತ್ತೆ ಬಳ್ಳಿ ಕಟ್ಟತೊಡಗಿದಳು. ನನ್ನ ಮಗಳಿಗೆ ಹೀಗೆ ಮಾಡಿದರಲ್ಲ ಎಂದು ಒಂದು ಮಾತು ಹೇಳಬಾರದಾ? ಶಾಪ ಹಾಕಬಾರದಾ? ಅಮ್ಮನ ಹೊಟ್ಟೆಯಲ್ಲಿ ಕಿಚ್ಚೇ ಇಲ್ಲ ಎಂದುಕೊಂಡೆ.

ಆಮೇಲೆ ಮನೋರಮಕ್ಕನ ವಿಷಯ ಕೇಳಿದೆ, ಕೆದಕಲಿಕ್ಕೇ. ಅಮ್ಮ ಹೋದ ವಾರದಿಂದ ತನ್ನ ಹಳೆಯ ಜಾಗದಲ್ಲೇ ಕೂರುತ್ತಿದ್ದಾಳಂತೆ. ಹೇಗೆ ಎಂದು ಕೇಳಿದರೆ, "ಅವಳೇ ಎದ್ದು ಹೋದಳು," ಎಂದಳು. ನೀನು ಏನು ಹೇಳಿದೆ ಎಂದರೆ, "ಎಂತ ಹೇಳುವುದು? ದಿನಾ ಎದುರು ಕೂತೆ. ಅವಳನ್ನೇ ನೋಡುತ್ತ ಇದ್ದೆ."

ನಾನು ನಕ್ಕೆ. ಇದೂ ಒಂದು ಜಗಳವಾ?

ಏಪ್ರಿಲ್ ೧, ಮಣಿಪಾಲ

ಮೇಡಂ ಇವತ್ತು ಕರೆದು ವಿಚಿತ್ರವಾದದ್ದು ಕೇಳಿದರು. ನಿನ್ನ ಅಮ್ಮನಿಗೆ ಸೌಖ್ಯ ಇಲ್ಲವಾ ಎಂದು. ಚೆನ್ನಾಗಿಯೇ ಇದ್ದಾಳಲ್ಲ ಎಂದೆ. ಶುಕ್ರವಾರ ಮೀನಿಗೆ ಹೋಗಿದ್ದರಂತೆ. ಅಮ್ಮ ಯಾವಾಗಿನ ಹಾಗೆ ನಗುತ್ತಲೇ ಮಾತಾಡಿಸಿದಳಂತೆ, ಒಳ್ಳೆಯ ಬಂಗುಡೆಯನ್ನೇ ಆರಿಸಿ ಕೊಟ್ಟಳಂತೆ. ಎಣಿಸಿ ಚೀಲಕ್ಕೆ ಹಾಕಿದಳು, ಚೀಲದ ಬಾಯಿ ಕಟ್ಟಿದಳು, ಕೊಟ್ಟಳು. ಮೇಲಿನ ಎರಡು ಹಾಕಲಿಲ್ಲ.

"ಮರೆತಿರಬೇಕು ಅಲ್ವಾ?" ಎಂದರು ಮೇಡಂ.

ಇರಬೇಕು ಎಂದೆ. ಅವರು ಕಿಟಕಿಯ ಕಡೆ ತಿರುಗಿದರು. ಹದಿನೇಳರಂದು ನಾನು ಅಷ್ಟು ಕೂಗಾಡಿದಾಗಲೂ ಅವರ ಮುಖ ಹಾಗೆ ಆಗಿರಲಿಲ್ಲ.

ಏಪ್ರಿಲ್ ೮

ಸಲ್ಲಿಸುವ ಮೊದಲಿನ ಸೆಮಿನಾರಿಗೆ ದಿನ ಗೊತ್ತಾಯಿತು, ಇಪ್ಪತ್ತನಾಲ್ಕು. ಹೊರಗಿನಿಂದ ಇಬ್ಬರು ಬರುತ್ತಾರೆ. ನಾಲ್ಕನೆಯ ಅಧ್ಯಾಯವನ್ನು ಮೊದಲು ಹೇಳು, ಅದೇ ಮುಖ್ಯ ಎಂದರು ಮೇಡಂ. ಆಗಲಿ ಎಂದೆ.

ನಯ ಮಾಡಿದ ಚಿತ್ರಗಳನ್ನು ಕೊಟ್ಟೆ. ತುಂಬ ಚೆನ್ನಾಗಿವೆ ಎಂದರು. ಬೆನ್ನು ತಟ್ಟಿದರು. ನೀನು ದೊಡ್ಡವಳಾದೆ, ಆ ಹಾರಾಟ ಎಲ್ಲ ಹೋಯಿತು ಎಂದರು.

ಇವತ್ತು ಬರೆಯಲು ಹೆಚ್ಚೇನೂ ಇಲ್ಲ. ಸೆಖೆ.

ಏಪ್ರಿಲ್ ೧೫

ಶ್ರೇಯಾ ಕೇಳಿದಳು, ಇತ್ತೀಚೆಗೆ ನೀನು ಕೂಗುವುದೇ ಇಲ್ಲವಲ್ಲ, ಏನಾಯಿತು ಎಂದು. ಏನೂ ಆಗಿಲ್ಲ. ಕಾರ್ಕಳದಿಂದ ಫೋನ್ ಬಂದಿತ್ತು, ಸಲ್ಲಿಕೆ ಯಾವಾಗ ಎಂದು. ಇಪ್ಪತ್ತನಾಲ್ಕರ ನಂತರ ಹೇಳುತ್ತೇನೆ ಎಂದೆ.

ಶಾಂತ ದಿನಗಳ ಚಿತ್ರಗಳನ್ನೆಲ್ಲ ತೆರೆದು ನೋಡುತ್ತಿದ್ದೇನೆ. ದಿನಾ ಒಂದಷ್ಟು.

ಏಪ್ರಿಲ್ ೨೪, ಪರ್ಕಳ

ಮುಗಿಯಿತು.

ಕೋಣೆ ತುಂಬಿತ್ತು. ಮೇಡಂ ಮುಂದಿನ ಸಾಲಿನಲ್ಲಿ, ನೀಲಿ ಸೀರೆ. ನಾಲ್ಕನೆಯ ಅಧ್ಯಾಯದಿಂದ ಶುರು ಮಾಡಿದೆ. ಅವರಿಗೆ ಕೊಟ್ಟಿದ್ದ ನಯವಾದ ಚಿತ್ರ ಮೊದಲು ಹಾಕಿದೆ. ಇದು ಬೇಸಿಗೆಯ ಕುಳಿ ಎಂದೆ. ಆಮೇಲೆ ಅದೇ ದಿನದ ಹಸಿ ಚಿತ್ರ ಹಾಕಿದೆ. ಆಮೇಲೆ ಶಾಂತ ದಿನದ್ದು. ಚಂಡಮಾರುತ ಪರದೆಯ ತುಂಬ ಬಂತು. ಕುಳಿ ಎಂಬುದು ಇಲ್ಲ, ಇದರ ನೆರಳು ನಮ್ಮ ಸೊನ್ನೆಯಲ್ಲಿ ಬಿದ್ದಿದೆ, ಇದುವರೆಗೆ ಈ ಕೇಂದ್ರದಿಂದ ಅದರ ಬಗ್ಗೆ ಪ್ರಕಟವಾದದ್ದು ತಪ್ಪು, ಅದರಲ್ಲಿ ನನ್ನ ಹೆಸರೂ ಇದೆ, ಹಿಂತೆಗೆದುಕೊಳ್ಳಬೇಕು ಎಂದೆ. ಸ್ವರ ಏರಿಸಲಿಲ್ಲ. ಏರಿಸಬಾರದು ಎಂದು ತಡೆದುಕೊಂಡದ್ದಲ್ಲ, ಏರಲೇ ಇಲ್ಲ.

ಹೊರಗಿನಿಂದ ಬಂದವರಲ್ಲಿ ಒಬ್ಬರು, ನಿಮ್ಮ ಗೈಡಿಗೆ ಇದು ತಿಳಿದಿತ್ತೇ ಎಂದು ಕೇಳಿದರು. ಸಂಶಯ ಇತ್ತು ಎಂದು ಮಾರ್ಚ್ ಹದಿನೇಳರಂದು ನನಗೆ ಹೇಳಿದ್ದಾರೆ ಎಂದೆ. ಎಲ್ಲರೂ ಮೇಡಂ ಕಡೆ ನೋಡಿದರು. ನಾನೂ ನೋಡಿದೆ. ಕಣ್ಣು ತೆಗೆಯಲಿಲ್ಲ. ಮೇಡಂ ಎದ್ದು ಹೋದರು.

ಪ್ರಬಂಧ ವಾಪಸ್. ಎಲ್ಲ ಲೆಕ್ಕ ಮೊದಲಿನಿಂದ ಮಾಡಬೇಕು, ಒಂದು ವರ್ಷವಾದರೂ ಬೇಕು, ಬೇರೆ ಗೈಡ್ ಹುಡುಕಬೇಕು. ಕಾರ್ಕಳಕ್ಕೆ ಫೋನ್ ಮಾಡಿ ಬೇರೆಯವರನ್ನು ತೆಗೆದುಕೊಳ್ಳಿ ಎಂದು ಹೇಳಿದೆ.

ಇಳಿದು ಬರುವಾಗ ಮೆಟ್ಟಿಲ ಹತ್ತಿರ ಮೇಡಂ ನಿಂತಿದ್ದರು. ಅವರ ಕಣ್ಣು ಕೆಂಪಾಗಿತ್ತು.

"ನೀನು ಬೈದು ಹೋಗಿದ್ದರೆ ಸಹಿಸುತ್ತಿದ್ದೆ ನವ್ಯಾ. ಆ ದಿನ ಕೂಗಿದೆಯಲ್ಲ, ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಇಷ್ಟು ಕೋಪ ಇಟ್ಟುಕೊಂಡು ನನ್ನ ಎದುರು ಹೇಗೆ ಕೂತಿದ್ದೆ?"

ಕೋಪ ಎಂತದೂ ಇಲ್ಲ ಮೇಡಂ ಎಂದೆ. ಸತ್ಯವಾಗಿಯೂ ಇರಲಿಲ್ಲ. ಬಸ್ಸು ಬಂತು, ಹತ್ತಿದೆ.

ಮೇ ೨, ಉಚ್ಚಿಲ

ಶುಕ್ರವಾರ. ಬೆಳಿಗ್ಗೆ ಅಮ್ಮನ ಜೊತೆ ಕಾಪುವಿಗೆ ಹೋಗಿ ಮಾರುಕಟ್ಟೆಯಲ್ಲಿ ಕೂತೆ. ಲ್ಯಾಪ್‌ಟಾಪ್ ಮೇಡಂಗೆ ವಾಪಸ್ ಕಳಿಸಿಯಾಗಿದೆ, ಹೊಸದು ಬರುವ ತನಕ ಬೇರೆ ಕೆಲಸವೂ ಇಲ್ಲ. ಎದುರಿನ ನಳ್ಳಿಯ ಬದಿಯಲ್ಲಿ ಮನೋರಮಕ್ಕ ನೆಲ ನೋಡುತ್ತ ಕೂತಿದ್ದಳು.

ಮೇಡಂ ಬರಲಾರರು ಎಂದುಕೊಂಡಿದ್ದೆ. ಬಂದರು. ಒಂದೇ ವಾರದಲ್ಲಿ ತುಂಬ ಇಳಿದುಹೋಗಿದ್ದಾರೆ. ನನ್ನನ್ನು ಕಂಡು ಒಂದು ಕ್ಷಣ ನಿಂತು, ಆಮೇಲೆ ಅಮ್ಮನ ಹತ್ತಿರ ಬಂದು ಚೀಲ ಒಡ್ಡಿದರು. ಅಮ್ಮ ಬಂಗುಡೆ ಎಣಿಸಿ ಹಾಕಿದಳು. ಮೇಡಂ ಮುಖ ನೋಡಿದಳು. ಅಮ್ಮನಿಗೆ ಏನನಿಸಿತೋ, ಸಾಕು ಅನಿಸಿರಬೇಕು, ಇನ್ನೂ ಎರಡು ಎತ್ತಿ ಚೀಲದ ಬಾಯಿಗೆ ಹಿಡಿದಳು.

ನಾನು ಅಮ್ಮನ ಕೈ ಹಿಡಿದೆ.

ಅಮ್ಮ ನನ್ನನ್ನೇ ನೋಡಿದಳು, ತುಂಬ ಹೊತ್ತು. ಮೇಡಂ ಚೀಲದ ಬಾಯಿ ಮಡಚಿಕೊಂಡು ಹೋದರು.

ಕೋಪ ಬಂದಾಗ ಬರೆ ಎಂದಿದ್ದಳು ಶ್ರೇಯಾ. ಈಗ ನನಗೆ ಯಾರ ಮೇಲೂ ಕೋಪವಿಲ್ಲ, ಆದ್ದರಿಂದ ಇನ್ನು ಬರೆಯುವುದಿಲ್ಲ. ಪುಸ್ತಕದಲ್ಲಿ ಅರ್ಧಕ್ಕಿಂತ ಹೆಚ್ಚು ಹಾಳೆ ಉಳಿದಿದೆ, ಲೆಕ್ಕ ಮಾಡಲಿಕ್ಕೆ ಆಗುತ್ತದೆ. ಆ ಎರಡು ಬಂಗುಡೆಯನ್ನು ಮನೆಗೆ ತಂದು ನಾನೇ ಹುಳಿಮೆಣಸು ಅರೆದು ಸಾರು ಮಾಡಿದೆ. ಅಮ್ಮ ಮುಟ್ಟಲಿಲ್ಲ. ನಾನು ಎರಡನ್ನೂ ತಿಂದೆ.